ಕಾಲು ಕಾಣಬೇಕು

ದೊಡ್ಡೇರಿಯ ಹಿಟ್ಟಿನ ಗಿರಣಿಯೊಳಗೆ ಯಾರೇ ಬಂದರೂ ಮೊದಲು ಸೀನಬೇಕು, ಆಮೇಲೆ ಮಾತಾಡಬೇಕು. ಶ್ರೀಲತಾ ಕೂಡ ಅಷ್ಟೇ. ಮೂರು ಸಲ ಸೀನಿ, ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡು, ಮಿಷನ್ನಿನ ಸದ್ದಿಗಿಂತ ಜೋರಾಗಿ ಕೇಳಿದಳು: "ಇಲ್ಲಿ ತೈ ಚಿ, ಅದೇ ಚೀನೀಯರ ನಿಧಾನದ ವ್ಯಾಯಾಮ, ಮಾಡೋ ಅಕ್ಕ ಯಾರು?"

ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಕೂತಿದ್ದ ಪಟಾಲಮ್ಮ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿದಳು.

"ಗಾಳಿ ಸವರೋಳಾ? ಇವ್ಳೇ ಕಣಮ್ಮ, ನನ್ ಸೊಸೆ. ದಿನಾ ಹೊತ್ತುಟ್ಟೋ ಹೊತ್ಗೆ ಮಾಳಿಗೆ ಮ್ಯಾಲೆ ನಿಂತ್ಕಂಡು ಗಾಳಿ ಸವರ್ತಾಳೆ. ಊರೋರೆಲ್ಲ ನೋಡಿ ನೋಡಿ ಸಾಕಾಗಿ ಈಗ ನಗಾದೂ ಬುಟ್ಟವ್ರೆ."

ರೆಪ್ಪೆಯವರೆಗೂ ರಾಗಿ ಹಿಟ್ಟು ಮೆತ್ತಿಕೊಂಡಿದ್ದ ಗಂಗಲಕ್ಷ್ಮಿ ಸ್ವಿಚ್ಚು ಆರಿಸಿದಳು. ಬೆಲ್ಟು ಸುತ್ತುವುದು ನಿಂತ ಮೇಲೆ ಗಿರಣಿಯಲ್ಲಿ ಒಂದು ಥರದ ಮೌನ ಬರುತ್ತದೆ, ಕಿವಿಯೊಳಗೆ ಹತ್ತಿ ಇಟ್ಟ ಹಾಗೆ. ಆ ಮೌನದಲ್ಲಿ ಶ್ರೀಲತಾ ತನ್ನ ಕಥೆ ಬಿಚ್ಚಿದಳು. ಶಿರಾದವಳು, ಮೂವತ್ತೈದರ ಆಸುಪಾಸು, ಮೊದಲನೇ ಸಿನಿಮಾ ಮಾಡುತ್ತಿದ್ದಾಳೆ. ಹೊಡೆದಾಟ ಇಲ್ಲ, ಕುಣಿತ ಇಲ್ಲ, ಒಂದು ಮನೆ, ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದಿದ್ದಾಳೆ. ಅಂದಿನಿಂದ ಗೋಡೆ ಹಿಡಿಯದೆ ಒಂದು ಹೆಜ್ಜೆ ಇಟ್ಟವಳಲ್ಲ. ಬಿದ್ದದ್ದಕ್ಕೆ ಸೊಸೆಯೇ ಕಾರಣ ಅಂತ ಒಂದು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದಾಳೆ. ಕೊನೆಗೆ ಒಂದು ಬೆಳಿಗ್ಗೆ ಅಂಗಳದ ನಡುವೆ, ಯಾವ ಗೋಡೆಯೂ ಕೈಗೆ ಸಿಗದ ಜಾಗದಲ್ಲಿ ನಿಂತು, ಅತ್ತೆ ತೈ ಚಿ ಮಾಡುತ್ತಾಳೆ. ಸೊಸೆ ಅಡುಗೆಮನೆ ಬಾಗಿಲಿನಿಂದ ನೋಡುತ್ತಾಳೆ. ಮಾತೇ ಇಲ್ಲ.

"ಯಾರೋ ನಿಮ್ಮ ವಿಡಿಯೋ ಕಳಿಸಿದ್ರು ಅಕ್ಕ. ಮಾಳಿಗೆ ಮೇಲೆ ಮಾಡ್ತಿದ್ರಲ್ಲ, ಅದು. ಸಿನಿಮಾಗಳಲ್ಲಿ ಇದನ್ನ ಎರಡೇ ಥರ ತೋರಿಸೋದು. ಒಂದು, ಹಾರಿ ಹಾರಿ ಹೊಡೆಯೋದು. ಇಲ್ಲಾಂದ್ರೆ ಪಾರ್ಕಲ್ಲಿ ಹೊಟ್ಟೆ ಬಿಟ್ಕೊಂಡು ಯಾರೋ ಅಂಕಲ್ ಕೈ ಆಡಿಸ್ತಾರೆ, ಜನ ನಗ್ತಾರೆ. ನಂಗೆ ಅದು ಬೇಡ. ಹೆಂಗಿದೆಯೋ ಹಂಗೇ ಬೇಕು. ನಟಿಗೆ ನೀವು ಕಲಿಸಿಕೊಡ್ತೀರಾ?"

ಗಂಗಲಕ್ಷ್ಮಿ ಜರಡಿಯ ಅಂಚಿಗೆ ಬೆರಳು ತಟ್ಟಿ ಹಿಟ್ಟು ಉದುರಿಸಿದಳು.

"ಕಲಿಸ್ತೀನಿ. ಒಂದೇ ಒಂದು ಮಾತು. ಕಾಲು ಕಾಣಬೇಕು. ಮುಖ, ಕೈ ಅಂತ ಮೇಲ್ಮೇಲೆ ತೋರಿಸಿ ಮುಗಿಸ್ಬುಟ್ರೆ ನಾನು ಬರಾಕಿಲ್ಲ. ಇದು ಇರೋದೇ ಕಾಲಲ್ಲಿ ತಾಯಿ."

"ಆಯ್ತು ಅಕ್ಕ. ಮಾತು ಕೊಟ್ಟೆ," ಅಂದಳು ಶ್ರೀಲತಾ, ಮತ್ತೆ ಸೀನಿದಳು.

ಗಂಗಲಕ್ಷ್ಮಿ ಸಿಂಗಾಪುರದಲ್ಲಿ ಹನ್ನೊಂದು ವರ್ಷ ಒಂದು ಚೀನೀ ಮನೆಯ ಕೆಲಸ ಮಾಡಿದವಳು. ಕೆಲಸ ಅಂದರೆ ಮುಖ್ಯವಾಗಿ ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು 'ಆಮಾ', ಅಂದರೆ ಅಜ್ಜಿ, ಅನ್ನುತ್ತಿದ್ದರು, ಇವಳೂ ಹಾಗೇ ಕರೆದಳು. ಒಮ್ಮೆ ಬಿದ್ದು ಎದ್ದ ಮುದುಕಿ. ದಿನಾ ಬೆಳಿಗ್ಗೆ ಕಟ್ಟಡದ ಕೆಳಗಿನ ಬಯಲಲ್ಲಿ ಏಳೆಂಟು ವಯಸ್ಸಾದವರು ಸೇರಿ ಇದನ್ನು ಮಾಡುತ್ತಿದ್ದರು. ಆಮಾಳ ಎದುರಿಗೆ, ಎರಡು ಮೊಳ ದೂರದಲ್ಲಿ, ಕೈ ಚಾಚಿದರೆ ಹಿಡಿಯುವ ಹಾಗೆ ನಿಂತಿರುವುದು ಗಂಗಲಕ್ಷ್ಮಿಯ ಕೆಲಸ. ಸುಮ್ಮನೆ ನಿಂತಿರುವುದು ಹೇಗೆ? ಅವಳೂ ಮಾಡತೊಡಗಿದಳು. ಆಮಾ ತೊಂಬತ್ತೊಂದರವರೆಗೆ ತನ್ನ ಕಾಲ ಮೇಲೆ ತಾನು ನಡೆದು ಮಾರುಕಟ್ಟೆಗೆ ಹೋಗಿ ಮೀನು ಆರಿಸಿ ತರುತ್ತಿದ್ದಳು.

ವಾಪಸು ಬಂದಾಗ ಊರೆಲ್ಲ ಏನು ತಂದೆ, ಏನು ತಂದೆ ಅಂತ ಕೇಳಿತು. ಅಲ್ಲಿನ ದುಡ್ಡಲ್ಲಿ ಹಾಕಿದ ಗಿರಣಿ ಕಾಣಿಸಿತು, ತಲೆನೋವಿನ ಮುಲಾಮು ಕಾಣಿಸಿತು, ಚಾಕಲೇಟು ಒಂದು ವಾರದಲ್ಲಿ ಖಾಲಿಯಾಯಿತು. ಅವಳು ಮೈಯಲ್ಲಿ ತುಂಬಿಕೊಂಡು ತಂದದ್ದನ್ನು ಮಾತ್ರ ಯಾರೂ ನೋಡಲಿಲ್ಲ. ನೋಡಿದವರು ಗಾಳಿ ಸವರುವುದು ಅಂದರು. ಈಗ ಅದನ್ನು ದೊಡ್ಡ ಪರದೆಯ ಮೇಲೆ, ಇದ್ದದ್ದು ಇದ್ದ ಹಾಗೆ, ಒಂದು ಸಲ ಎಲ್ಲರಿಗೂ ತೋರಿಸಬಹುದು. ತೋರಿಸಲೇಬೇಕು ಅಂತ ಅವಳ ಮನಸ್ಸು ಗಟ್ಟಿಯಾಗಿ ಕೂತುಬಿಟ್ಟಿತು.

ಅತ್ತೆಯ ಪಾತ್ರಕ್ಕೆ ಬಂದವರು ಮಂಗಳಾ. ಅರವತ್ತಮೂರು ವರ್ಷ, ನಾಟಕದ ಕಂಪನಿಯಲ್ಲಿ ಬೆಳೆದ ಗಂಟಲು, ಟೀವಿ ಧಾರಾವಾಹಿಗಳಲ್ಲಿ ಲೆಕ್ಕವಿಲ್ಲದಷ್ಟು ಸೊಸೆಯರನ್ನು ಗೋಳು ಹೊಯ್ದುಕೊಂಡ ಕಣ್ಣು. ಕಾರಿನಿಂದ ಇಳಿದು ಗಿರಣಿಯ ಮಾಳಿಗೆ ಹತ್ತುವಷ್ಟರಲ್ಲಿ ಎಡ ಮಂಡಿ ಹಿಡಿದುಕೊಂಡು ಎರಡು ಸಲ ಕೂತರು. ಪಟಾಲಮ್ಮನಿಗೆ ಅವರನ್ನು ಕಂಡು ಎಷ್ಟು ಸಂತೋಷವಾಯಿತೆಂದರೆ, "ಆ ನೀಲಿ ಸೀರೆ ಸೊಸೆಗೆ ಅನ್ನ ಹಾಕ್ದೆ ಕಳಿಸಿದ್ಯಲ್ಲ, ನಿನ್ ಕೈ ಸೇದೋಗ!" ಅಂತ ಪ್ರೀತಿಯಿಂದಲೇ ಬೈದಳು.

"ಅದು ಡೈರೆಕ್ಟರು ಹೇಳಿದ್ದು ಕಣಜ್ಜಿ, ನಾನೇನ್ಮಾಡ್ಲಿ," ಅಂತ ಮಂಗಳಾ ಕೈ ಮುಗಿದರು.

ಮಂಗಳಾರ ಕೈ ಮೊದಲ ದಿನವೇ ಬಂತು. ನಾಟಕದವರ ಕೈ, ಮೋಡ ಸರಿಸು ಅಂದರೆ ಮೋಡ ಕಾಣುತ್ತಿತ್ತು. ಕಾಲು ಬರಲಿಲ್ಲ. ಧಡಕ್ಕನೆ ಇಡುತ್ತಿದ್ದರು. ಗಂಗಲಕ್ಷ್ಮಿ ಯೋಚಿಸಿ, ಮಾಳಿಗೆಯ ಮೇಲೆ ಒಣಗಲು ಹರವಿದ್ದ ಕಡಲೆಕಾಯಿಯ ಮೇಲೇ ಅವರನ್ನು ಬರಿಗಾಲಲ್ಲಿ ನಿಲ್ಲಿಸಿದಳು.

"ಒಂದು ಕಾಯಿನೂ ಒಡೀಬಾರ್ದು ಮಂಗಳಮ್ನೋರೆ. ಮೊದ್ಲು ಹಿಮ್ಮಡಿ ಊರಿ. ಕೆಳಗೇನೈತೆ ಅಂತ ಕಾಲ್ನೇ ಕೇಳಿ. ಅದು ಸರಿ ಅಂದ್ಮೇಲೆ ಭಾರ ಬುಡಿ. ಭಾರ ಪೂರ್ತಿ ಅತ್ಲಾಗೋದ್ಮೇಲೇ ಇನ್ನೊಂದ್ ಕಾಲು ಎತ್ತಾದು."

ಪಟಪಟ ಅಂತ ಕಾಯಿ ಒಡೆದವು. ಕೆಳಗಿನಿಂದ ಗಂಗಲಕ್ಷ್ಮಿಯ ಗಂಡ ಕದರಪ್ಪ ಕೂಗಿದ: "ಲೇ ಗಂಗೀ, ಬಿತ್ನೆಗೆ ಮಡಗಿರೋ ಕಾಯಿ ಕಣೇ ಅದು!"

"ಒಡ್ದಿರೋದು ಚಟ್ನಿಗಾಯ್ತದೆ, ಸುಮ್ಕಿರಯ್ಯ!"

ಆರನೆಯ ದಿನ ಮಂಗಳಾ ಮಾಳಿಗೆಯ ಆ ತುದಿಯಿಂದ ಈ ತುದಿಗೆ ಬಂದಾಗ ಒಂದೇ ಒಂದು ಕಾಯಿ ಒಡೆಯಿತು. ಅವರೇ ಬಗ್ಗಿ ಅದನ್ನು ಎತ್ತಿಕೊಂಡು ತಿಂದರು.

ಶೂಟಿಂಗ್‌ಗೆ ನಾಲ್ಕು ದಿನ ಇದೆ ಅನ್ನುವಾಗ ಚೇತನ್ ಕುಮಾರ್ ಬಂದ. ಸಿನಿಮಾಗಳಿಗೆ ಕುಣಿತ, ಹೊಡೆದಾಟ ಎರಡನ್ನೂ ಹೊಂದಿಸಿಕೊಡುವ ಮಾಸ್ಟರ್, ಇಲ್ಲಿ ತೈ ಚಿ ದೃಶ್ಯವೊಂದನ್ನು ಕ್ಯಾಮೆರಾಕ್ಕೆ ಹೊಂದಿಸಲು ಬಂದವನು. ಮಧುಗಿರಿ ಬೆಟ್ಟದ ಬುಡದ ಬೀದಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಹಳೇ ಮನೆಯ ಅಂಗಳದಲ್ಲಿ ಮಂಗಳಾ ಅವನಿಗೆ ಕಲಿತದ್ದನ್ನು ಮಾಡಿ ತೋರಿಸಿದರು. ಅವನು ಕೈ ಕಟ್ಟಿಕೊಂಡು ನೋಡಿದ. ಮುಗಿದ ಮೇಲೆ ಫೋನು ತೆಗೆದು ಏನನ್ನೋ ಹುಡುಕಿದ.

"ಮೇಡಂ, ಬೇಜಾರ್ ಮಾಡ್ಕೋಬೇಡಿ," ಅಂದ ಶ್ರೀಲತಾಳಿಗೆ. "ಬ್ಯಾಲೆನ್ಸ್ ಚೆನ್ನಾಗಿದೆ. ಆದ್ರೆ ಪೂರ್ತಿ ಉಲ್ಟಾ ಇದೆ."

"ಉಲ್ಟಾ ಅಂದ್ರೆ?"

"ಎಡ ಎಲ್ಲಾ ಬಲ, ಬಲ ಎಲ್ಲಾ ಎಡ. ನೋಡಿ, ಇವ್ರು ಚೀನಾದ ಮಾಸ್ಟರು. ಮೊದಲ ಹೆಜ್ಜೆ ಎಡಗಾಲು. ನಮ್ಮವ್ರು ಬಲಗಾಲಲ್ಲಿ ಶುರು ಮಾಡ್ತಾರೆ. ಅಲ್ಲಿಂದ ಕೊನೇವರೆಗೂ ಹಂಗೇ."

ಎಲ್ಲರೂ ಗಂಗಲಕ್ಷ್ಮಿಯನ್ನು ನೋಡಿದರು. ಅವಳು ಫೋನಿನೊಳಗಿನ ಪುಟ್ಟ ಮನುಷ್ಯನ ಕಾಲನ್ನೇ ನೋಡುತ್ತಿದ್ದಳು. ಎಡಗಾಲು. ಸಂಶಯವೇ ಇಲ್ಲ. ಅವಳಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಬೇರೆಯವರೆಲ್ಲ ಗುರುವಿನ ಬೆನ್ನ ಹಿಂದೆ ನಿಂತು ಕಲಿತರೆ, ಅವಳು ಆಮಾಳ ಎದುರಿಗೆ ನಿಂತು ಕಲಿತವಳು. ಆಮಾಳ ಎಡಗಾಲು ಯಾವ ಕಡೆ ಬಂತೋ ಆ ಕಡೆ ತನ್ನ ಬಲಗಾಲು ಇಟ್ಟವಳು, ಕನ್ನಡಿಯ ಹಾಗೆ. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ಅನುಮಾನ ಯಾಕೆ ಬರಲಿಲ್ಲ? ಬಲಗಾಲಲ್ವೇ! ಮದುವೆಯಾಗಿ ಹೊಸಿಲು ದಾಟಿದ್ದು ಬಲಗಾಲಿಟ್ಟು, ಗಿರಣಿಯ ಪೂಜೆ ದಿನ ಒಳಗೆ ಹೋದದ್ದು ಬಲಗಾಲಿಟ್ಟು. ಒಳ್ಳೆಯ ಕೆಲಸ ಇನ್ನು ಯಾವ ಕಾಲಲ್ಲಿ ಶುರುವಾದೀತು? ಊರಿನಲ್ಲಿ ನಕ್ಕವರು ನೂರು ಜನ. ಯಾವ ಕಾಲು ಅಂತ ಒಬ್ಬರೂ ಕೇಳಲಿಲ್ಲ. ಮಂಗಳಾರಿಗೂ ಹೊಳೆಯಲಿಲ್ಲ, ಶ್ರೀಲತಾಳಿಗೂ ಇಲ್ಲ. ಎಲ್ಲರೂ ಬಲಗಾಲಿನ ಜನವೇ.

"ಎಡಿಟಿಂಗಲ್ಲಿ ತಿರುಗಿಸಿಬಿಡಬಹುದಲ್ಲ?" ಅಂದಳು ಶ್ರೀಲತಾ. ತನ್ನ ಫೋನಿನಲ್ಲಿದ್ದ ಅಭ್ಯಾಸದ ವಿಡಿಯೋವನ್ನು ಎಡಬಲ ಮಾಡಿ ತೋರಿಸಿದಳು. ಕಾಲು ಸರಿಹೋಯಿತು. ಆದರೆ ಮಂಗಳಾರ ಸೆರಗು ಎಡಭುಜದಿಂದ ಬಲಭುಜಕ್ಕೆ ಹಾರಿತ್ತು.

"ಅಯ್ಯೋ, ನಮ್ಮೂರಿನ ಸೇಟು ಅಂಗಡಿ ಅಮ್ಮ ಆಗ್ಬುಟ್ಟೆನಲ್ಲೇ!" ಅಂದರು ಮಂಗಳಾ.

ಚೇತನ್ ಕೆಟ್ಟವನೇನಲ್ಲ. ಅವನಿಗೆ ಕೆಲಸ ಮುಗಿಯಬೇಕಿತ್ತು. "ಸಿಂಪಲ್ಲಾಗಿ ಮಾಡೋಣ. ಕಾಲು ಬಿಟ್ಬಿಡಿ. ಸೊಂಟದಿಂದ ಮೇಲಕ್ಕೆ ಇಡಿ ಫ್ರೇಮು. ಒಂದು ಫ್ಯಾನು, ಸೆರಗು ಹಾರಲಿ, ಸ್ಲೋ ಮೋಷನ್. ಮಂಗಳಮ್ಮನ ಮುಖ ಒಂದೇ ಸಾಕು, ಜನ ಕಣ್ಣೀರು ಹಾಕ್ತಾರೆ. ಒಂದು ಗಂಟೆ ಕೆಲಸ."

ಶ್ರೀಲತಾ ಗಂಗಲಕ್ಷ್ಮಿಯ ಮುಖ ನೋಡಲಾರದೆ ನೆಲ ನೋಡಿದಳು. "ಇಲ್ಲಾಂದ್ರೆ ಹಿಂಗೇ ಇರ್ಲಿ ಅಕ್ಕ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ," ಅಂದಳು ಗಂಗಲಕ್ಷ್ಮಿ. "ಇದ್ದಂಗೇ ತೋರಿಸ್ಬೇಕು ಅಂತ ನೀನೇ ಅಂದೆ, ನಾನು ಹೂಂ ಅಂದೆ. ಮೂರು ಬೆಳಿಗ್ಗೆ ಕೊಡಿ. ನಾಕನೇದು ಶೂಟಿಂಗ್‌ಗೆ ಕೊಡ್ತೀನಿ. ಆಗ್ದಿದ್ರೆ ಈ ಮಾಸ್ಟರು ಏಳ್ದಂಗೆ ಫ್ಯಾನ್ ತಂದ್ಕಳಿ."

ಮನೆಗೆ ಬಂದು ವಿಷಯ ಹೇಳಿದಾಗ ಕದರಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಹನ್ನೊಂದ್ ವರ್ಸ ಉಲ್ಟಾನಾ? ಅದ್ಕೇ ಕಣೇ, ನಾನು ಏನೇಳಿದ್ರೂ ನೀನು ಉಲ್ಟಾ ಮಾಡಾದು!"

ಬೇರೆ ದಿನವಾಗಿದ್ದರೆ ಅವಳಿಂದ ಸೌಟು ಹಾರುತ್ತಿತ್ತು. ಅವಳು ಮಾತೇ ಆಡದೆ ಸಾರು ಬಡಿಸಿದಳು. ಕದರಪ್ಪನಿಗೆ ಅದು ಸೌಟಿಗಿಂತ ಜೋರಾಗಿ ತಾಗಿತು. "ಅಲ್ವೇ, ತಮಾಸೆಗಂದೆ ಕಣೇ. ನಾಳಿಂದ ಮೂರ್ ದಿನ ಮಿಲ್ಲು ನಾನು ನೋಡ್ಕಂತೀನಿ, ನೀನು ಅದೇನೋ ತಿರುವಾಕಳಾದು ತಿರುವಾಕ," ಅಂದ.

ಪಟಾಲಮ್ಮನಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. "ಎಡಗಾಲ್ ಮುಂದಿಡು ಅಂತ ಯಾವನ್ಲಾ ಅಂದಿದ್ದು? ಲಕ್ಷಣವಾಗಿ ಬಲಗಾಲು ಇಡಾದ್ ಬುಟ್ಟು!"

ಮೊದಲ ಬೆಳಿಗ್ಗೆ ಗಂಗಲಕ್ಷ್ಮಿ ಮಾಳಿಗೆಯ ಮೇಲೆ ಒಬ್ಬಳೇ ನಿಂತಳು. ಎಡಗಾಲು ಎತ್ತು ಅಂತ ತಾನೇ ತನಗೆ ಹೇಳಿಕೊಂಡಳು. ಎದ್ದದ್ದು ಬಲಗಾಲು. ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಹೇಳಿಕೊಂಡಳು. ಎಡಗಾಲು ಬಂತು, ಆದರೆ ಕೈ ಹಳೆಯ ದಾರಿ ಹಿಡಿಯಿತು. ಅರ್ಧ ಗಂಟೆಯಲ್ಲಿ ಅವಳ ಕೈಗೂ ಕಾಲಿಗೂ ಪಾಲುಪಟ್ಟಿ ಜಗಳ ಶುರುವಾಯಿತು. ಐವತ್ತನಾಲ್ಕು ವರ್ಷದ ಮೈ, ಹೇಳಿದ್ದನ್ನು ಕೇಳುವ ವಯಸ್ಸಲ್ಲ. ಒಂದು ಸಲ ಮುಗ್ಗರಿಸಿ ನೀರಿನ ಡ್ರಮ್ಮಿಗೆ ಮೊಣಕೈ ಹೊಡೆಯಿತು. ಬೇರೆ ಯಾರಾದರೂ ಅಳುತ್ತಿದ್ದರೇನೋ. ಗಂಗಲಕ್ಷ್ಮಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆ ಒಂದು ಉಪಾಯವೂ ಬಂತು.

ಮಂಗಳಾರ ಕಾರು ಬಂದ ತಕ್ಷಣ ಅವರನ್ನು ಮಾಳಿಗೆಗೆ ಹತ್ತಿಸಿದಳು.

"ಮಂಗಳಮ್ನೋರೆ, ನಾನು ನಿಮ್ಗೆ ಕಲಿಸಿದ್ದು ಉಲ್ಟಾ ತಾನೆ? ಈಗ ಅದನ್ನೇ ಮಾಡಿ. ನಿಮ್ಮ ಎದುರ್ಗೆ ನಾನು ನಿಂತ್ಕಂತೀನಿ. ಉಲ್ಟಾದ ಉಲ್ಟಾ ಸರಿಯಾಗ್ತದೆ."

ಮಂಗಳಾ ಬಲಗಾಲಿಟ್ಟರು. ಎದುರಿಗೆ ಗಂಗಲಕ್ಷ್ಮಿಯ ಎಡಗಾಲು ತಾನಾಗಿಯೇ ಹೊರಟಿತು. ಎದುರಿಗೆ ಒಬ್ಬ ಹೆಂಗಸು, ಬಿದ್ದರೆ ಹಿಡಿಯಬೇಕಾದ ಹೆಂಗಸು ಇದ್ದಾಳೆ ಅಂದ ಮೇಲೆ ಅವಳ ಮೈಗೆ ಬೇರೆ ಪಾಠ ಬೇಕಿರಲಿಲ್ಲ. ಒಂದು ಸಲ, ಐದು ಸಲ, ಬಿಸಿಲು ಏರುವ ತನಕ ಹದಿನಾಲ್ಕು ಸಲ. ಎರಡನೆಯ ಬೆಳಿಗ್ಗೆ ಗಂಗಲಕ್ಷ್ಮಿ ಕಣ್ಣು ಮುಚ್ಚಿಯೂ ಮಾಡಿದಳು.

ಆಮೇಲಿನದು ಮಂಗಳಾರ ಸರದಿ. ಈ ಸಲ ಅವರನ್ನು ತನ್ನ ಹಿಂದೆ ನಿಲ್ಲಿಸಿಕೊಂಡಳು. ಅಲ್ಲೇ ಒಂದು ಹೊಸ ತೊಡಕು ಎದ್ದಿತು. ಸರಿಯಾದ ಕಡೆಗೆ ತಿರುಗಿದರೆ ಮೊದಲ ಭಾರ ಬೀಳುವುದೇ ಎಡಗಾಲಿನ ಮೇಲೆ, ಮಂಗಳಾರ ನೋವು ಇರುವುದೂ ಎಡ ಮಂಡಿಯಲ್ಲೇ. ಮೂರನೆಯ ಹೆಜ್ಜೆಗೆ ಅವರು ಮುಖ ಕಿವುಚಿದರು. ಗಂಗಲಕ್ಷ್ಮಿ ನಿಂತುಬಿಟ್ಟಳು.

"ಬ್ಯಾಡ ಬುಡಿ ಮಂಗಳಮ್ನೋರೆ. ನನ್ ಹಟಕ್ಕೆ ನಿಮ್ ಮಂಡಿ ಯಾಕೆ ಹಾಳಾಗ್ಬೇಕು. ಫ್ಯಾನೇ ತರ್ಲಿ."

ಮಂಗಳಾ ಮಾಳಿಗೆಯ ಕಟ್ಟೆಯ ಮೇಲೆ ಕೂತು, ಮಂಡಿ ಸವರಿಕೊಂಡರು.

"ನಲವತ್ತು ವರ್ಷದಿಂದ ಬಣ್ಣ ಹಚ್ತಿದ್ದೀನಿ ಗಂಗಮ್ಮ. ಟೀವಿಗೆ ಬಂದ್ಮೇಲೆ ಸೊಂಟದಿಂದ ಮೇಲೇ ಬದುಕಿದ್ದೀನಿ ನಾನು. ಕಣ್ಣು ಕೆಕ್ಕರಿಸು, ತುಟಿ ಕಚ್ಚು, ಅಷ್ಟೇ. ಕೆಳಗೆ ಹವಾಯಿ ಚಪ್ಪಲಿ ಹಾಕ್ಕೊಂಡಿದ್ರೂ ಯಾರೂ ಕೇಳಲ್ಲ. ನಂಗೂ ಕಾಲಿದೆ ಅಂತ ಹೇಳಿದೋಳು ನೀನೊಬ್ಬಳೇ. ಈಗ ನೀನೇ ಬೇಡ ಅಂದ್ರೆ ಹೆಂಗೆ? ಆ ನಿಮ್ಮ ಚೀನೀ ಅಜ್ಜಿಗೆ ಮಂಡಿ ನೋವಿರಲಿಲ್ವಾ?"

"ಇತ್ತು. ಎರಡೂವೆ."

"ಅವ್ರು ಹೆಂಗ್ಮಾಡ್ತಿದ್ರು?"

ಗಂಗಲಕ್ಷ್ಮಿ ನೆನಪು ಮಾಡಿಕೊಂಡಳು. ಫೋನಿನ ಮಾಸ್ಟರ್‌ನ ಹಾಗೆ ಅಗಲ ಹೆಜ್ಜೆ ಆಮಾ ಎಂದೂ ಇಟ್ಟವಳಲ್ಲ. ಒಂದು ಗೇಣು ಮುಂದೆ, ಅಷ್ಟೇ. ಮಂಡಿ ಬಗ್ಗಿದ್ದು ಕಂಡೂ ಕಾಣದಷ್ಟು. ಆದರೆ ಆ ಗೇಣಿನ ಹೆಜ್ಜೆಯಲ್ಲಿ ಭಾರ ಅತ್ತಿಂದಿತ್ತ ಹೋಗುವುದು ಮಾತ್ರ ಪೂರ್ತಿ ಹೋಗುತ್ತಿತ್ತು, ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿದ ಹಾಗೆ.

"ಗೇಣು," ಅಂದಳು ಗಂಗಲಕ್ಷ್ಮಿ. "ಗೇಣು ಸಾಕು. ಏಳಿ."

ನಾಲ್ಕನೆಯ ಬೆಳಿಗ್ಗೆ ಮಧುಗಿರಿಯ ಆ ಅಂಗಳದಲ್ಲಿ ಬಿಸಿಲು ಇನ್ನೂ ಗೋಡೆಯ ಮೇಲ್ಭಾಗದಲ್ಲೇ ಇತ್ತು. ಚೇತನ್‌ನ ಫ್ಯಾನು ಒಂದು ಮೂಲೆಯಲ್ಲಿ, ಬೇಕಾದರೆ ಇರಲಿ ಅಂತ, ಕಾದು ನಿಂತಿತ್ತು. ಕ್ಯಾಮೆರಾವನ್ನು ಶ್ರೀಲತಾ ನೆಲದ ಮಟ್ಟಕ್ಕೆ ಇಳಿಸಿ ದೂರ ಇಡಿಸಿದ್ದಳು: ಬರಿಗಾಲಿನಿಂದ ತಲೆಯವರೆಗೂ ಮಂಗಳಾ, ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಸೊಸೆಯ ಪಾತ್ರದ ಹುಡುಗಿ. ಗಂಗಲಕ್ಷ್ಮಿ ಶ್ರೀಲತಾಳ ಪಕ್ಕದಲ್ಲಿ ನಿಂತಳು. ಕದರಪ್ಪ ಅವತ್ತು ಗಿರಣಿಗೆ ಬೀಗ ಹಾಕಿ, ಹಿಂದಿನ ಬಾಗಿಲ ಹತ್ತಿರ ಬಂದು ನಿಂತಿದ್ದ.

"ಆ್ಯಕ್ಷನ್" ಅನ್ನುವುದನ್ನು ಶ್ರೀಲತಾ ಪಿಸುಗುಟ್ಟಿದಳು.

ಮಂಗಳಾ ಸುಮ್ಮನೆ ನಿಂತರು. ಎಷ್ಟು ಹೊತ್ತು ನಿಂತರೆಂದರೆ ಚೇತನ್ ಗಡಿಯಾರ ನೋಡಿಕೊಂಡ. ಆಮೇಲೆ ಎಡಗಾಲು ನೆಲ ಬಿಟ್ಟಿತು. ಹಿಮ್ಮಡಿ ಊರಿತು. ಭಾರ ಸರಿಯಿತು. ಗೇಣುದ್ದದ ಆ ಹೆಜ್ಜೆಯಲ್ಲಿ ಒಂದು ವರ್ಷ ಗೋಡೆ ಹಿಡಿದ ಹೆಂಗಸು ಗೋಡೆ ಬಿಟ್ಟದ್ದು ಎಲ್ಲರಿಗೂ ಕಂಡಿತು. ಕೈಗಳು ಕಾಲಿನ ಹಿಂದೆ ಬಂದವು, ಅವಸರವಿಲ್ಲದೆ. ಕುದುರೆಯ ಜೂಲು ಸವರುವ ವರಸೆ, ಬೆಳ್ಳಕ್ಕಿ ರೆಕ್ಕೆ ಬಿಚ್ಚುವ ವರಸೆ, ಮೋಡ ಸರಿಸುವ ವರಸೆ. ಗಂಗಲಕ್ಷ್ಮಿಯ ಉಸಿರು ಅವರ ಉಸಿರಿನ ಜೊತೆಯೇ ಹೋಗಿ ಬರುತ್ತಿತ್ತು.

ಒಂಟಿಕಾಲಿನ ಜಾಗ ಬಂತು. ಎಡಗಾಲ ಮೇಲೆ ನಿಂತು ಬಲ ಮಂಡಿ ಎತ್ತಬೇಕು. ಮಂಗಳಾ ಎತ್ತಿದರು. ಎಡ ಮಂಡಿ ನಡುಗಿತು. ಮೈ ಒಂದು ಪಕ್ಕಕ್ಕೆ ವಾಲಿತು, ಬಲಗಾಲು ಸರಕ್ಕನೆ ನೆಲಕ್ಕೆ ಬಿತ್ತು, ಕೈ ತಾನಾಗಿ ಗೋಡೆಗೆ ಚಾಚಿತು. ಅಲ್ಲಿ ಗೋಡೆ ಇರಲಿಲ್ಲ.

ಬಾಗಿಲಲ್ಲಿದ್ದ ಹುಡುಗಿ, ಪಾತ್ರವೋ ತಾನೋ ಗೊತ್ತಿಲ್ಲ, ಒಂದು ಹೆಜ್ಜೆ ಮುಂದೆ ಬಂದುಬಿಟ್ಟಳು. ಶ್ರೀಲತಾ ಕಟ್ ಅನ್ನಲು ಬಾಯಿ ತೆರೆದಳು. ಗಂಗಲಕ್ಷ್ಮಿ ಅವಳ ಮಣಿಕಟ್ಟನ್ನು ಹಿಡಿದಳು. ಹಿಟ್ಟಿನ ಮೂಟೆ ಎತ್ತುವ ಕೈ, ಬಿಡಿಸಿಕೊಳ್ಳುವುದು ಸುಲಭವಲ್ಲ.

ಮಂಗಳಾ ಖಾಲಿ ಗಾಳಿಯಲ್ಲಿದ್ದ ಆ ಕೈಯನ್ನು ನೋಡಿದರು. ಮೆಲ್ಲಗೆ ಇಳಿಸಿಕೊಂಡರು. ಉಸಿರು ಬಿಟ್ಟರು. ಭಾರವನ್ನು ಮತ್ತೆ ಎಡಗಾಲಿಗೆ ಬಗ್ಗಿಸಿದರು, ಪೂರ್ತಿ. ಬಲಗಾಲು ನೆಲ ಬಿಟ್ಟಿತು. ಎತ್ತರವೇನಲ್ಲ, ಪಾದದ ಕೆಳಗೆ ಒಂದು ಕೈ ತೂರಿಸುವಷ್ಟು. ನಿಂತಿತು.

ಮುಗಿದು, ಮಂಗಳಾ ಕೈ ಇಳಿಸಿದ ಮೇಲೆ, ಹುಡುಗಿ ಮುಂದಿಟ್ಟ ಹೆಜ್ಜೆಯಲ್ಲೇ ನಿಂತಿರುವಾಗ, ಶ್ರೀಲತಾ "ಕಟ್" ಅಂದಳು. ಅವಳ ಮೂಗು ಕೆಂಪಾಗಿತ್ತು, ಈ ಸಲ ಹಿಟ್ಟಿಲ್ಲದೆ.

ಚೇತನ್ ಮುಂದೆ ಬಂದ. "ಸೂಪರ್ ಮೇಡಂ. ನಿಜವಾಗ್ಲೂ. ಇನ್ನೊಂದು ಟೇಕ್ ಹೋಗೋಣ, ಆ ತಪ್ಪಿದ ಜಾಗ ಒಂದು ಕ್ಲೀನಾಗಿ ಬಂದ್ಬಿಟ್ರೆ..."

"ಅದು ತಪ್ಪಲ್ಲ ಮಾಸ್ಟ್ರೆ," ಅಂದಳು ಗಂಗಲಕ್ಷ್ಮಿ. "ನಮ್ಮ ಆಮಾ ಹನ್ನೊಂದ್ ವರ್ಸದಲ್ಲಿ ಅದೆಷ್ಟು ಸಲ ಇಂಗೆ ವಾಲವ್ಳೋ. ವಾಲಿ ನಿಂತ್ಕಳಾದನ್ನೇ ಇದು ಕಲಿಸೋದು. ಬೀಳ್ತೀನಿ ಅನ್ನೋ ಭಯ ಇಲ್ದೋರಿಗೆ ಇದ್ಯಾಕೆ ಬೇಕು? ಅದನ್ನ ತೆಗೆದ್ರೆ ಉಳಿಯಾದು ನಮ್ಮತ್ತೆ ಅಂದಂಗೆ ಗಾಳಿ ಸವರಾದೇಯ."

ಚೇತನ್ ಶ್ರೀಲತಾಳನ್ನು ನೋಡಿದ. ಶ್ರೀಲತಾ ಮಂಗಳಾರನ್ನು ನೋಡಿದಳು. ಮಂಗಳಾ ಅಂಗಳದ ನಡುವೆ ನಿಂತೇ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಇನ್ನೊಂದು ಟೇಕ್ ಬೇಕಾದ್ರೂ ಮಾಡ್ತೀನಮ್ಮ. ಆದ್ರೆ ಅದರಲ್ಲೂ ವಾಲ್ತೀನಿ, ಮೊದಲೇ ಹೇಳಿರ್ತೀನಿ," ಅಂದರು.

"ಬೇಡ," ಅಂದಳು ಶ್ರೀಲತಾ. "ಇದೇ ಇರುತ್ತೆ. ಪೂರ್ತಿ, ಒಂದೇ ತುಂಡು, ಕತ್ತರಿ ಹಾಕಲ್ಲ."

ಗಂಗಲಕ್ಷ್ಮಿ ಆಗಲೇ ಅವಳ ಮಣಿಕಟ್ಟು ಬಿಟ್ಟದ್ದು. ಅಂಗಳಕ್ಕೆ ಇಳಿದು, ಮಂಗಳಾರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಎಡ ಮಂಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ತಿಕ್ಕತೊಡಗಿದಳು. ಹಿಂದಿನಿಂದ ಕದರಪ್ಪ, ಯಾರಿಗೆಂದಿಲ್ಲದೆ, "ಬಿಸಿನೀರು ಐತೇನ್ರಪ್ಪಾ ಇಲ್ಲಿ?" ಅಂತ ಕೇಳುತ್ತಾ ಅಡುಗೆಮನೆಯ ಕಡೆ ಹೊರಟ.